ವಹಿ ಕಾಕಾ

ಗದಗ-ಬೆಟಗೇರಿಯಲ್ಲಿ ಓಣಿಗೊಬ್ಬ ವಹಿ ಕಾಕಾ ಇದ್ದೇ ಇರುತ್ತಾರೆ. ಲಕ್ಷ್ಮೇಶ್ವರದಲ್ಲಿ ಅವರು ಕಿರಾಣಿ ಅಂಗಡಿಯ ಕಟ್ಟೆಯ ಮೇಲೆ ಸಿಗುತ್ತಾರೆ. ಶಿರಹಟ್ಟಿಯಲ್ಲಿ ಬಸ್‌ಸ್ಟ್ಯಾಂಡಿನ ಚಹಾದಂಗಡಿಯಲ್ಲಿ, ಇನ್ನೊಬ್ಬರು ಕೊಡಿಸಿದ ಚಹಾ ಕುಡಿಯುತ್ತ. ಮುಂಡರಗಿಯಲ್ಲಿ ಉಳ್ಳಾಗಡ್ಡಿಯ ಧಾರಣಿ ವಿಚಾರಿಸುತ್ತ, ಹೊಲದಲ್ಲಿ ಉಳ್ಳಾಗಡ್ಡಿ ಇಲ್ಲದಿದ್ದರೂ. ಉದ್ಯೋಗ ಯಾವುದೂ ಆಗಿರಬಹುದು: ಹೈಸ್ಕೂಲಿನ ಗುಮಾಸ್ತ, ದಲಾಲಿ ಅಂಗಡಿಯ ಲೆಕ್ಕ ಬರೆಯುವವರು, ಬೆಟಗೇರಿಯ ಮಗ್ಗದ ಮನೆಯ ಹಿರಿಯರು, ಎರೆಹೊಲದ ಒಡೆಯರು. ವಯಸ್ಸು ಐವತ್ತು ದಾಟಿರುತ್ತದೆ. ಕಿಸೆಯಲ್ಲಿ ಎರಡು ಪೆನ್ನು, ಅದರಲ್ಲಿ ಒಂದು ಬರೆಯುವುದಿಲ್ಲ. ಕಂಕುಳಲ್ಲಿ ಕೆಂಪು ರಟ್ಟಿನ ಉದ್ದನೆಯ ವಹಿ. ಮಗಳ ಮದುವೆಯೋ ಮನೆಯ ಸ್ಲ್ಯಾಬೋ ಮುಗಿದ ಮರುವಾರ ಈ ವಹಿ ಹುಟ್ಟುತ್ತದೆ. ಅದಕ್ಕಿಂತ ಮೊದಲು ಕಾಕಾ ಲೆಕ್ಕ ಬರೆದದ್ದನ್ನು ಯಾರೂ ಕಂಡಿಲ್ಲ.

ಮೊದಲ ಪುಟದಲ್ಲಿ 'ಶ್ರೀ' ಬರೆದು ಕೆಳಗೆ 'ಸಾಲದ ತಪಶೀಲು' ಎಂದು ಎರಡು ಗೆರೆ ಎಳೆದಿರುತ್ತಾರೆ. ಬೀಗರ ಕಡೆಯಿಂದ ಕೈಗಡ 50,000, ಬಡ್ಡಿ ಇಲ್ಲ. ಖಾಸಗಿಯವರಲ್ಲಿ 50,000, ತಿಂಗಳಿಗೆ ನೂರಕ್ಕೆ ಮೂರು. ಮಗನ ಬೈಕಿಗೆ 60,000, ಎರಡು ವರ್ಷದ ಕಂತು. ಕಿರಾಣಿ ಅಂಗಡಿಯ ಉದ್ರಿ, ಪೆಂಡಾಲಿನವನ ಬಾಕಿ, ಬ್ಯಾಂಡಿನವನ ಬಾಕಿ. ಬ್ಯಾಂಡಿನವನ ಹೆಸರಿನ ಮುಂದೆ ಮಾತ್ರ ಪ್ರಶ್ನೆ ಚಿಹ್ನೆ ಇರುತ್ತದೆ. ಅವನು ಮೆರವಣಿಗೆಯಲ್ಲಿ ಅರ್ಧ ದಾರಿಗೇ ನಿಂತನೆಂಬ ತಕರಾರು ಇನ್ನೂ ಬಗೆಹರಿದಿಲ್ಲ.

ಅವತ್ತೇ ರಾತ್ರಿ ಮನೆಮಂದಿಯ ಸಭೆ.

"ಇವತ್ತಿನಿಂದ ಒಂದ ಪೈಸೆ ಹೆಚ್ಚಿಗಿ ಖರ್ಚ ಆಗಬಾರದು. ಎರಡು ವರ್ಷದಾಗ ಸಾಲ ಹರೀಬೇಕು, ನೋಡ್ರಿ ಮತ್ತ."

"ಹರೀಲಿ," ಎನ್ನುತ್ತಾಳೆ ಕಾಕಾನ ಹೆಂಡತಿ ಚಿಗವ್ವ. "ಮೊದಲ ಆ ಪಡಸಾಲಿ ಫ್ಯಾನ್ ಬಂದ್ ಮಾಡಿ ಬರ್ರಿ. ಯಾರೂ ಇಲ್ಲದ ಕಡೆ ಗಾಳಿ ಬೀಸಾಕತ್ತೇತಿ."

ಫ್ಯಾನಿನಿಂದಲೇ ಕಾಕಾನ ಉಳಿತಾಯ ಶುರುವಾಗುತ್ತದೆ. ಗೃಹಜ್ಯೋತಿ ಬಂದ ಮೇಲೆ ಅವರಿಗೆ ಮೀಟರು ದೇವರ ಮನೆಗಿಂತ ಹತ್ತಿರವಾಗಿದೆ. 200 ಯೂನಿಟ್ಟಿನೊಳಗಿದ್ದರೆ ಎಲ್ಲ ಬಿಟ್ಟಿ ಎಂದು ಓಣಿಯವರು ತಿಳಿದಿದ್ದಾಗ, ಹಾಗಲ್ಲ, ನಿಮ್ಮ ಮನೆಯ ಹಿಂದಿನ ಸರಾಸರಿಯ ಮೇಲೆ ಒಂದಿಷ್ಟು ಅಷ್ಟೇ, ಅದನ್ನು ಮೀರಿದ್ದಕ್ಕೆ ದುಡ್ಡು ಕಟ್ಟಬೇಕು ಎಂದು ಬಿಡಿಸಿ ಹೇಳಿದವರು ಇವರೇ. ಹಾಗಾಗಿ ಬೆಳಿಗ್ಗೆ ಹಲ್ಲುಜ್ಜುತ್ತ ಮೀಟರಿನ ಮುಂದೆ ನಿಲ್ಲುತ್ತಾರೆ, ರಾತ್ರಿ ಮಲಗುವ ಮುನ್ನ ಬ್ಯಾಟರಿ ಹಿಡಿದು ಮತ್ತೊಮ್ಮೆ. ಹೆಸ್ಕಾಂನಿಂದ ಬಿಲ್ಲು ಬರೆಯಲು ಬರುವ ಹುಡುಗನಿಗೆ ಅಂಕಿಯನ್ನು ಇವರೇ ಓದಿ ಹೇಳುತ್ತಾರೆ, ಅವನು ಸುಮ್ಮನೆ ಬರೆದುಕೊಳ್ಳುತ್ತಾನೆ. ಹಾಲು ಒಂದು ಪಾಕೀಟಿಗೆ ಇಳಿಯುತ್ತದೆ. ಸಾಬೂನಿನ ಚೂರನ್ನು ಹೊಸ ಸಾಬೂನಿಗೆ ಅಂಟಿಸುವ ಕೆಲಸ ಕಾಕಾ ಖುದ್ದಾಗಿ ವಹಿಸಿಕೊಳ್ಳುತ್ತಾರೆ. ಖಡಕ್ ರೊಟ್ಟಿ, ಗುರೆಳ್ಳ ಚಟ್ನಿ ಇದ್ದರೆ ಕಾಯಿಪಲ್ಯೆ ಯಾಕೆ ಎಂಬ ಪ್ರಶ್ನೆ ವಾರಕ್ಕೆ ನಾಲ್ಕು ದಿನ ಏಳುತ್ತದೆ.

ಕಾಯಿಪಲ್ಯೆ ತರಲೇಬೇಕಾದ ದಿನ ಕಾಕಾ ದೀಪ ಹಚ್ಚುವ ಹೊತ್ತಿಗೆ ಹೊರಡುತ್ತಾರೆ. ಆ ಹೊತ್ತಿಗೆ ಮಾರುವವರು ಉಳಿದದ್ದನ್ನು ರಾಶಿ ಮಾಡಿ ಹತ್ತು ರೂಪಾಯಿಗೆ ಕೂಗುತ್ತಾರೆ. ಆದರೆ ಗದಗಿನ ಕಾಕಾ ಗದಗಿನ ಬಜಾರಕ್ಕೆ ಹೋಗುವುದಿಲ್ಲ. ಪರಿಚಯದವರು ನೋಡಿಯಾರು! ನಡೆದು ಬೆಟಗೇರಿಗೆ ಹೋಗುತ್ತಾರೆ. ಬೆಟಗೇರಿಯ ವಹಿ ಕಾಕಾ ಅದೇ ಕಾರಣಕ್ಕೆ ಗದಗಿಗೆ ಹೊರಟಿರುತ್ತಾರೆ. ಇಬ್ಬರೂ ನಡುದಾರಿಯಲ್ಲಿ ಎದುರಾಗಿ, ಖಾಲಿ ಚೀಲ ಹಿಂದಕ್ಕೆ ಸರಿಸಿ, "ಏನ್ರೀ, ಈ ಕಡೆ?" "ಏನಿಲ್ರೀ, ಸುಮ್ನ ವಾಕಿಂಗ್," ಎಂದು ಮಾತಾಡಿಕೊಳ್ಳುತ್ತಾರೆ. ಅವಳಿ ನಗರದಲ್ಲಿ ಸಂಜೆ ಇಷ್ಟು ಜನ ವಾಕಿಂಗ್ ಮಾಡುವುದನ್ನು ಕಂಡು ಡಾಕ್ಟರುಗಳು ಸಂತೋಷಪಡುತ್ತಿರಬೇಕು.

ಹಾಗೆ ನೋಡಿದರೆ ಇಲ್ಲಿನವರಿಗೆ ಉಳಿತಾಯವನ್ನು ಯಾರೂ ಕಲಿಸಬೇಕಾಗಿಲ್ಲ. ತುಂಗಭದ್ರೆಯ ನೀರು ಅಷ್ಟು ದೂರದ ಹಮ್ಮಿಗಿ ಬ್ಯಾರೇಜಿನಿಂದ ಬರಬೇಕು. ನಳದಲ್ಲಿ ಹತ್ತು-ಹದಿನೈದು ದಿನಕ್ಕೊಮ್ಮೆ ನೀರು ಕಂಡ ಓಣಿಗಳು ಇಲ್ಲಿ ಬೇಕಾದಷ್ಟಿವೆ. ಒಂದು ಸರದಿಯ ನೀರನ್ನು ಸಿಂಟೆಕ್ಸಿನಿಂದ ತಂಬಿಗೆಯವರೆಗೆ ತುಂಬಿಟ್ಟು ಎರಡು ವಾರ ಹಿಗ್ಗಿಸುವವರು ಒಂದು ಪಗಾರವನ್ನು ಮೂವತ್ತು ದಿನ ಹಿಗ್ಗಿಸಲಾರರೇ? ಹಿಗ್ಗಿಸಲಾರರು. ಯಾಕೆಂದರೆ ನೀರನ್ನು ಯಾರಿಗೂ ಆಯೇರ ಮಾಡಬೇಕಾಗಿಲ್ಲ.

ಆಯೇರದ ಪುಸ್ತಕ ಬೇರೆಯೇ ಇದೆ. ಅದು ವಹಿಗಿಂತ ಹಳೆಯದು. ಟ್ರಂಕಿನಲ್ಲಿ ಹಳದಿ ಬಟ್ಟೆಯಲ್ಲಿ ಸುತ್ತಿಟ್ಟಿರುತ್ತಾರೆ. ಯಾವ ಮದುವೆಯಲ್ಲಿ, ಯಾರು, ಎಷ್ಟು, ಬಟ್ಟೆಯೋ ರೊಕ್ಕವೋ ಎಲ್ಲ ಅದರಲ್ಲಿದೆ. ಕೆಲವು ಹೆಸರುಗಳ ಪಕ್ಕ 'ಸೀರಿ ತೆಳು' ಎಂಬ ಷರಾ ಚಿಗವ್ವ ಹೇಳಿ ಬರೆಸಿದ್ದು. ಲಕ್ಷ್ಮೇಶ್ವರದವರು 101 ಮಾಡಿದ್ದರೆ ಅವರ ಮನೆಯ ಕಾರ್ಯಕ್ಕೆ 151 ಆಗಲೇಬೇಕು. ಅವರು ಮುಂದಿನದಕ್ಕೆ 251 ಮಾಡುತ್ತಾರೆ. ಅದಕ್ಕೆ ಮತ್ತೆ 501. ಹೀಗೆ ಇಬ್ಬರೂ ಮರ್ಯಾದೆಗಾಗಿ ಒಬ್ಬರನ್ನೊಬ್ಬರು ಮುಳುಗಿಸುತ್ತಾರೆ. ಬೆಳಿಗ್ಗೆ ಬೆಂಕಿಪೊಟ್ಟಣದ ಕಡ್ಡಿ ಎಣಿಸಿದ ಕಾಕಾ ಅವತ್ತೇ ಸಂಜೆ ಮದುವೆಯ ಮಂಟಪದಲ್ಲಿ ಐನೂರರ ನೋಟನ್ನು ಎರಡು ಬೆರಳಲ್ಲಿ ಹಿಡಿದು, ಬರೆಯುವವನಿಗೆ ಹೆಸರನ್ನು ಎರಡು ಸಲ ಹೇಳುತ್ತಾರೆ. ಅವರ ಕಾಟಕಸರು ಎಲ್ಲ ತಲಬಾಗಿಲಿನ ಒಳಗೆ. ಹೊಸ್ತಿಲು ದಾಟಿದರೆ ಅವರು ಹಳೆಯ ಕಾಕಾನೇ.

ಉಳಿತಾಯದ ಹಾದಿಯಲ್ಲಿ ಇನ್ನೊಂದು ದೌರ್ಬಲ್ಯವಿದೆ: ಮಿರ್ಚಿ. ಮಳೆ ಬಂದ ಸಂಜೆ ಗದಗಿನಲ್ಲಿದ್ದು ಮಿರ್ಚಿ-ಗಿರ್ಮಿಟ್ ತಿನ್ನದವನು ಗದಗಿನವನೇ ಅಲ್ಲ ಎಂದು ಕಾಕಾನ ನಂಬಿಕೆ. ವಹಿಯಲ್ಲಿ ಅದಕ್ಕೆ ಕಲಮು ಇಲ್ಲ, 'ಇತರೆ' ಎಂದಿರುತ್ತದೆ. ಬಿ.ಕಾಂ. ಓದುತ್ತಿರುವ ಸಣ್ಣ ಮಗಳು ಒಂದು ಭಾನುವಾರ ತಿಂಗಳ ಲೆಕ್ಕ ಕೂಡಿಸಿದಾಗ 'ಇತರೆ' ಗ್ಯಾಸ್ ಸಿಲಿಂಡರನ್ನು ಹಿಂದೆ ಹಾಕಿತ್ತು.

ಅದೇ ಮಗಳು ಬೈಕಿನ ಸಾಲದ ಕಾಗದವನ್ನೂ ಬಿಡಿಸಿದಳು. 60,000ಕ್ಕೆ ವರ್ಷಕ್ಕೆ ಫ್ಲ್ಯಾಟ್ ನೂರಕ್ಕೆ 12, ಎರಡು ವರ್ಷ. ಬಡ್ಡಿ 14,400, ತಿಂಗಳ ಕಂತು 3,100.

"ಅಪ್ಪಾ, ಇದು ಹನ್ನೆರಡಲ್ಲ. ನೀವು ತಿಂಗಳಾ ಅಸಲು ಕಟಗೋತ ಹೋಗ್ತೀರಿ, ಬಡ್ಡಿ ಮಾತ್ರ ಕಡೀತನಕ ಪೂರಾ ಅರವತ್ತು ಸಾವಿರಕ್ಕ ಹಾಕ್ಯಾರ. ಖರೇ ಲೆಕ್ಕ ತಗದ್ರ ಇಪ್ಪತ್ತೊಂದರ ಮ್ಯಾಲ ಆಕ್ಕೇತಿ."

"ಶೋರೂಮಿನ್ಯಾಗ ಕುಂತಾಂವ ಹನ್ನೆರಡು ಅಂತ ಹೇಳ್ಯಾನವ್ವಾ. ಟೈ ಕಟಗೊಂಡಿದ್ದ."

ಟೈ ಕಟ್ಟಿಕೊಂಡವನ ಲೆಕ್ಕ ತಪ್ಪಿರಲಾರದು ಎಂದು ವಿಷಯ ಅಲ್ಲಿಗೇ ಮುಗಿಯಿತು.

ಇನ್ನು ಮುಖ್ಯ ಮಾತು. ಎಲ್ಲಾ ಉಳಿಸಿ, ಹಿಂಡಿ, ತಿಂಗಳ ಕೊನೆಗೆ ಕಾಕಾನ ಕೈಯಲ್ಲಿ ಮೂರ್ನಾಲ್ಕು ಸಾವಿರ ಉಳಿಯಿತೆನ್ನಿ. ಅದು ಯಾರಿಗೆ ಹೋಗಬೇಕು? ತಿಂಗಳಿಗೆ ನೂರಕ್ಕೆ ಮೂರು ಎಂದರೆ 50,000ಕ್ಕೆ 1,500. ವರ್ಷಕ್ಕೆ 18,000, ಅಸಲು ಇದ್ದಲ್ಲೇ ಇರುತ್ತದೆ. ಮೊದಲು ಕಡಿಯಬೇಕಾದದ್ದು ಅದು. ಕಾಕಾ ಮಾತ್ರ ರೊಕ್ಕವನ್ನು ಲಕೋಟೆಯಲ್ಲಿಟ್ಟು, ಮೇಲೆ ಅರಿಶಿನ ಹಚ್ಚಿ, ಬಡ್ಡಿಯೇ ಇಲ್ಲದ ಬೀಗರಿಗೆ ತಲುಪಿಸುತ್ತಾರೆ. ಬೀಗರು ಕೇಳಿರುವುದೂ ಇಲ್ಲ. ಆದರೆ ಅವರು ಜಾತ್ರೆಯಲ್ಲಿ ಸಿಗುತ್ತಾರೆ, ಮದುವೆಯಲ್ಲಿ ಪಂಕ್ತಿಯಲ್ಲಿ ಪಕ್ಕದಲ್ಲೇ ಕೂಡುತ್ತಾರೆ, "ಆರಾಮ ಅದೀರಿ?" ಎಂದು ಕೇಳುತ್ತಾರೆ. ಆ 'ಆರಾಮ'ದೊಳಗೆ ಐವತ್ತು ಸಾವಿರ ಕಾಕಾನಿಗೆ ಕೇಳಿಸುತ್ತದೆ. ಬಡ್ಡಿಯವನು ಹಾಗಲ್ಲ. ತಿಂಗಳಿಗೊಮ್ಮೆ ಕತ್ತಲಾದ ಮೇಲೆ ಬರುತ್ತಾನೆ, ಬಡ್ಡಿ ಎಣಿಸಿಕೊಂಡು ಹೋಗುತ್ತಾನೆ, ಯಾರಿಗೂ ಹೇಳುವುದಿಲ್ಲ. ನಮ್ಮ ಕಡೆ ಸಾಲ ತೀರುವುದು ಬಡ್ಡಿಯ ದರದ ಪ್ರಕಾರ ಅಲ್ಲ, ನಾಚಿಕೆಯ ದರದ ಪ್ರಕಾರ. ಕಾಕಾನ ವಹಿಯನ್ನು ಎಷ್ಟು ಸಲ ತಿರುವಿ ನೋಡಿದರೂ ನನಗೆ ಇದೇ ಕಾಣುತ್ತದೆ.

ಮಜಾ ಎಂದರೆ ಈ ದುಬಾರಿ ಬಡ್ಡಿಯ ರೋಗಕ್ಕೆ ಮದ್ದು ಹುಟ್ಟಿದ್ದು ಪಕ್ಕದ ಕಣಗಿನಹಾಳದಲ್ಲೇ. 1904ರಲ್ಲಿ ಬ್ರಿಟಿಷ್ ಸರಕಾರ ಸಹಕಾರಿ ಪತ್ತಿನ ಸಂಘಗಳ ಕಾಯ್ದೆ ಮಾಡಿತು. ಮರುವರ್ಷ, 1905ರಲ್ಲಿ, ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಣಗಿನಹಾಳದಲ್ಲಿ ಕೃಷಿ ಪತ್ತಿನ ಸಂಘ ಕಟ್ಟಿದರು. ಏಷ್ಯಾ ಖಂಡದಲ್ಲೇ ಮೊದಲನೆಯದೆಂದು ಅದಕ್ಕೆ ಹೆಸರು. ಸಾವಕಾರನ ದುಬಾರಿ ಬಡ್ಡಿಯನ್ನು ಬಿಡಿಸಿ, ಊರವರೇ ಒಬ್ಬರಿಗೊಬ್ಬರು ಹೊಣೆಯಾಗಿ ಕಡಿಮೆ ಬಡ್ಡಿಗೆ ಸಾಲ ಕೊಡುವುದೇ ಅದರ ಕೆಲಸ. ಕಾಕಾನಿಗೆ ಇದೆಲ್ಲ ಕಂಠಪಾಠ. ಹೊರಗಿನವರು ಬಂದರೆ ಎದೆಯುಬ್ಬಿಸಿ ಹೇಳುತ್ತಾರೆ.

"ಹಂಗಾದ್ರ ಕಾಕಾ, ನೀವೂ ಸಂಘದಾಗ ಸಾಲ ತಗೊಂಡು ಆ ಮೂರರ ಬಡ್ಡೀದು ಮುಗಿಸಿಬಿಡ್ರಲ್ಲ? ಅರ್ಧದಷ್ಟೂ ಬಡ್ಡಿ ಬೀಳೂದಿಲ್ಲ."

ಕಾಕಾ ದನಿ ತಗ್ಗಿಸುತ್ತಾರೆ. "ತಮ್ಮಾ, ಸಂಘದಾಗ ಇಬ್ಬರು ಜಾಮೀನು ಬೇಕಾಕ್ಕಾರ. ಅಂದ್ರ ಇನ್ನೂ ಇಬ್ಬರಿಗೆ ಗೊತ್ತಾತಲ್ಲೋ!"

ಪಿಗ್ಮಿಯ ಕಥೆಯೂ ಇಂಥದೇ. 1928ರಲ್ಲಿ, ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿದ ಉಡುಪಿಯ ಬ್ಯಾಂಕು ದಿನಕ್ಕೆ ಎರಡಾಣೆಯಿಂದ ಶುರು ಮಾಡಿದ ಉಳಿತಾಯದ ಪದ್ಧತಿ ಈಗ ನಮ್ಮ ಸೊಸೈಟಿಗಳಲ್ಲೆಲ್ಲ ಇದೆ. ಸಂಜೆ ಪಿಗ್ಮಿಯ ಹುಡುಗ ಬಂದು ಐವತ್ತು ರೂಪಾಯಿ ಒಯ್ಯುತ್ತಾನೆ. ವರ್ಷ ತುಂಬುವುದರೊಳಗೆ ಕಾಕಾ ಅದೇ ಪಿಗ್ಮಿಯ ಮೇಲೆ ಸಾಲ ಎತ್ತಿ ಜಾತ್ರೆ ಮಾಡಿರುತ್ತಾರೆ. ಡಂಬಳದ ರೊಟ್ಟಿ ಜಾತ್ರೆಗೆ ಹೋಗುವುದೇ ಪ್ರಸಾದದಲ್ಲಿ ಒಂದು ಹೊತ್ತಿನ ಊಟ ಉಳಿಯಲೆಂದು, ಬರುವಾಗ ಕೈಯಲ್ಲಿ ಬೆಂಡು-ಬತ್ತಾಸ, ಮೊಮ್ಮಗನ ಹೆಲಿಕಾಪ್ಟರು. ಕೇಳಿದರೆ "ನನ್ನ ರೊಕ್ಕಾ ನಾನ ಸಾಲ ತಗೊಂಡೇನಿ, ಬ್ಯಾರೇದವರದಲ್ಲ" ಎನ್ನುತ್ತಾರೆ, ನೋಡಿದರೆ ಅದಕ್ಕೂ ಬಡ್ಡಿ ಕಟ್ಟುತ್ತಿರುತ್ತಾರೆ.

2025ರಲ್ಲಿ ಮೈಕ್ರೊ ಫೈನಾನ್ಸಿನವರ ಕಿರುಕುಳ ತಡೆಯಲು ರಾಜ್ಯ ಸರಕಾರ ಕಾನೂನು ತಂದಾಗ ಕಾಕಾ ಟಿವಿಯ ಧ್ವನಿ ಏರಿಸಿ ಎಲ್ಲರನ್ನೂ ಕರೆದರು. "ನೋಡ್ರಿಲ್ಲೆ, ಸಾಲ ಮಾಫ್ ಆಗೂ ಹಂಗ ಕಾಣತೈತಿ!" ಚಿಗವ್ವ ರೊಟ್ಟಿ ಬಡಿಯುತ್ತಲೇ ಹೇಳಿದಳು: "ತಡದಿದ್ದು ದಬ್ಬಾಳಿಕೀನ. ಎಲ್ಲಾ ಸಾಲ ಅಲ್ಲ."

ಚಿಗವ್ವನ ಬಳಿ ವಹಿ ಇಲ್ಲ. ಗೃಹಲಕ್ಷ್ಮಿಯ ಎರಡು ಸಾವಿರ ಬಂದಾಗ ಅದು ಎಲ್ಲಿ ಹೋಗುತ್ತದೆ ಎಂದು ಕಾಕಾನಿಗೆ ಗೊತ್ತಿಲ್ಲ, ಕೇಳುವ ಧೈರ್ಯವೂ ಇಲ್ಲ. ಶಕ್ತಿ ಯೋಜನೆ ಬಂದ ಮೇಲೆ ಶಿರಹಟ್ಟಿ, ಮುಂಡರಗಿಯ ಕಾರ್ಯಗಳಿಗೆ ಆಧಾರ್ ಕಾರ್ಡು ಹಿಡಿದು ಅವಳೊಬ್ಬಳೇ ಹೋಗಿಬರುತ್ತಾಳೆ. "ನೀವು ಬಂದ್ರ ಟಿಕೇಟು, ಮ್ಯಾಲ ಐನೂರರ ಆಯೇರ," ಎಂದು ಕಾಕಾನನ್ನು ಮನೆಯಲ್ಲಿ ಬಿಡುತ್ತಾಳೆ. ಹೋದ ಶ್ರಾವಣದಲ್ಲಿ ಯಾರಿಗೂ ಹೇಳದೆ ತನ್ನ ಪಾಟಲಿ, ಬೋರಮಾಳ ಬ್ಯಾಂಕಿನಲ್ಲಿಟ್ಟು, ಆ ರೊಕ್ಕದಲ್ಲಿ ನೂರಕ್ಕೆ ಮೂರರವನನ್ನು ಕರೆಸಿ, ಪಡಸಾಲೆಯಲ್ಲೇ ಕೂಡಿಸಿ, ಹಾಡಹಗಲು ಎಣಿಸಿ ಕೊಟ್ಟಳು. ಬರೆಸಿಕೊಂಡಿದ್ದ ಕಾಗದ ಇಸಗೊಂಡು ಒಲೆಗೆ ಹಾಕಿದಳು. ಅವನಿಗೆ ಚಹಾನೂ ಕೊಡಲಿಲ್ಲ. ಬ್ಯಾಂಕಿನ ಬಡ್ಡಿ ಇದೆ, ಆದರೆ ತಿಂಗಳಿಗೆ ನೂರಕ್ಕೆ ಒಂದರ ಆಸುಪಾಸು.

ಮುಂದಿನ ತಿಂಗಳು ಮುಂಡರಗಿಯ ಮದುವೆ, ಹತ್ತಿರದವರದ್ದು, ಕಾಕಾನನ್ನು ಬಿಡುವಂತಿರಲಿಲ್ಲ. ಚಿಗವ್ವನ ಕೈಯಲ್ಲಿ ಒಂದು ಗ್ರಾಂ ಬಂಗಾರದ ಪಾಟಲಿ. ಹೆಂಗಸರ ಪಂಕ್ತಿಯಲ್ಲಿ ಯಾರೋ ಅದನ್ನು ತಿರುವಿ ನೋಡಿ, "ಯಾಕವ್ವಾ, ಖರೇವು ಎಲ್ಲಿ ಅದಾವ?" ಎಂದು ಕೇಳಿದರು. ನಡುವೆ ಎರಡು ಪಂಕ್ತಿ ಇದ್ದರೂ ಕಾಕಾನಿಗೆ ಅದು ಕೇಳಿಸಿತು. ಕೈಯಲ್ಲಿದ್ದ ಹೋಳಿಗೆ ಎಲೆಗೆ ಬಿತ್ತು.

"ಬ್ಯಾಂಕಿನ್ಯಾಗ ಅದಾವ್ರಿ," ಎಂದಳು ಚಿಗವ್ವ, ಇಡೀ ಮಂಟಪಕ್ಕೆ ಕೇಳುವಂತೆ. "ಮಗಳ ಮದಿವಿ ಮಾಡೇವಿ, ಸಾಲ ಆಗೇತಿ. ಹರದ ಮ್ಯಾಲ ಹಾಕ್ಕೊಂತೇನಿ."

ಕಾಕಾ ಮಂಟಪದ ಫ್ಯಾನ್ ನೋಡುತ್ತ ಕುಳಿತರು. ಆದರೆ ಸ್ವಲ್ಪ ಹೊತ್ತಿನಲ್ಲಿ ಆ ಕೇಳಿದವಳೇ ಚಿಗವ್ವನ ಹತ್ತಿರ ಸರಿದು, "ಯಾವ ಬ್ಯಾಂಕಿನ್ಯಾಗ ಇಟ್ಟೀರಿ? ಗ್ರಾಮಿಗೆ ಎಷ್ಟು ಕೊಡ್ತಾರ?" ಎಂದು ಕೇಳತೊಡಗಿದಳು. ಊಟ ಮುಗಿಯುವಷ್ಟರಲ್ಲಿ ಇನ್ನೂ ಇಬ್ಬರು ಅವಳ ಸುತ್ತ ಕೂತಿದ್ದರು.

ಈಗ ಕಾಕಾನ ವಹಿಯಲ್ಲಿ ಉಳಿದಿರುವುದು ಬ್ಯಾಂಕಿನ ಬಂಗಾರದ ಸಾಲ, ಬೈಕಿನ ಕೊನೆಯ ಕಂತುಗಳು, ಬೀಗರ ಚಿಲ್ಲರೆ ಬಾಕಿ, ಮತ್ತು ಬ್ಯಾಂಡಿನವನ ಪ್ರಶ್ನೆ ಚಿಹ್ನೆ. ದೀಪಾವಳಿಗೆ ಅಂಗಡಿಕಾರರು ವಹಿ ಪೂಜೆ ಮಾಡುವಾಗ ಇವರೂ ತಮ್ಮ ಖರ್ಚಿನ ವಹಿಗೆ ಕುಂಕುಮ ಹಚ್ಚುತ್ತಾರೆ. ಸಾಲ ತಮ್ಮ ಕಟ್ಟುನಿಟ್ಟಿನಿಂದಲೇ ಇಳಿಯಿತು ಎಂದು ಓಣಿಯಲ್ಲಿ ಉಪದೇಶವನ್ನೂ ಮಾಡುತ್ತಿದ್ದಾರೆ. ಮಾಡಲಿ. ಮೀಟರು ಓದುವ ಕೆಲಸವನ್ನಂತೂ ಅವರು ನಿಷ್ಠೆಯಿಂದಲೇ ಮಾಡಿದ್ದಾರೆ.

ನಿಮ್ಮ ಬಳಗದಲ್ಲೂ ಇಂಥ ಕಾಕಾ ಒಬ್ಬರು ಇದ್ದಾರು, ನಿಮ್ಮ ಕೈಗಡವೂ ಅವರ ಮೇಲೆ ಇದ್ದೀತು. ಮುಂದಿನ ಮದುವೆಯಲ್ಲಿ ಅವರು ಅರಿಶಿನ ಹಚ್ಚಿದ ಲಕೋಟೆ ಹಿಡಿದು ನಿಮ್ಮ ಕಡೆ ಬಂದರೆ ಇಸಗೊಳ್ಳಬೇಡಿ. "ನಂದು ಆಮ್ಯಾಲ ಕೊಡ್ರಿ, ಮೊದಲ ಬಡ್ಡೀದು ಮುಗಸ್ರಿ," ಎಂದು ಹೇಳಿ ಹೋಳಿಗೆಗೆ ತುಪ್ಪ ಹಾಕಿಸಿ.