ಇರಲಿ ಬಿಡಿ

ನಮ್ಮ ಕಾರ್ಖಾನೆಯಲ್ಲಿ ನನ್ನ ಹುದ್ದೆಯ ಹೆಸರು ಸಿಸ್ಟಮ್ ಅಡ್ಮಿನಿಸ್ಟ್ರೇಟರ್. ಮಾಡುವ ಕೆಲಸ ಮಾತ್ರ ಜನರ ಮುಂದೆ ನಿಂತು "ಇದು ಬೇಕಾ?" ಅಂತ ಕೇಳುವುದು. ಅವರ ಉತ್ತರವೂ ಗೊತ್ತಿರುವುದೇ: "ಇರಲಿ ಬಿಡಿ." ಈ ಮಾತಿನಲ್ಲಿ ಬೇಕು ಅನ್ನುವುದೂ ಇಲ್ಲ, ಬೇಡ ಅನ್ನುವುದೂ ಇಲ್ಲ. ಆದರೆ ಒಂದೂವರೆ ಟೆರಾಬೈಟ್ ಜಾಗವನ್ನು ತುಂಬಿಸುವ ತಾಕತ್ತು ಅದಕ್ಕಿದೆ. ಲೆಕ್ಕ ಸಮೇತ ತೋರಿಸಬಲ್ಲೆ.

ಪೀಣ್ಯದ ನಮ್ಮ ಕಾರ್ಖಾನೆಗೆ, ಎಲ್ಲರ ಫೈಲುಗಳನ್ನೂ ಒಂದೇ ಕಡೆ ಇಡುವ ಶೇರ್‌ಪಾಯಿಂಟ್ ಬಂದದ್ದು 2011ರಲ್ಲಿ. ಅಲ್ಲಿಯವರೆಗೆ ಡ್ರಾಯಿಂಗುಗಳೆಲ್ಲ ಪೆನ್‌ಡ್ರೈವಿನಲ್ಲಿ, ಅಂಗಿ ಜೇಬಿನಲ್ಲಿ ಓಡಾಡುತ್ತಿದ್ದವು. ಡಿಸೈನ್ ವಿಭಾಗದಲ್ಲಿ ಒಂದು ಅಳತೆ, ಶಾಪ್ ಫ್ಲೋರಿನಲ್ಲಿ ಇನ್ನೊಂದು. ಒಮ್ಮೆ ನೂರಿಪ್ಪತ್ತು ಫ್ಲಾಂಜುಗಳಿಗೆ ಹಳೇ ಅಳತೆಯ ತೂತು ಬಿದ್ದು, ಅಷ್ಟೂ ಗುಜರಿಗೆ ಹೋದವು. ಆವತ್ತು ಸಂಜೆಯೇ ಎಂ.ಡಿ. ಸಾಹೇಬರು ಅಪ್ಪಣೆ ಕೊಡಿಸಿದರು: "ಇನ್ಮೇಲೆ ಎಲ್ಲಾ ಒಂದೇ ಕಡೆ ಇರಬೇಕು."

"2010ರ ಆವೃತ್ತಿಗೆ ಕನಿಷ್ಠ ಎಂಟು ಜಿಬಿ ರ‍್ಯಾಮ್ ಬೇಕು ಸಾರ್" ಅಂದೆ.

"ನಮ್ಮನೆ ಕಂಪ್ಯೂಟರು ಎರಡರಲ್ಲೇ ಓಡತ್ತಲ್ಲಯ್ಯಾ."

ಮದುವೆ ಮನೆಯ ಅಡುಗೆಗೆ ನಮ್ಮನೆ ಕುಕ್ಕರ್ ಸಾಲದೇ ಅಂದ ಹಾಗೆ. ಚೌಕಾಸಿ ನಡೆದು ನಾಲ್ಕಕ್ಕೆ ಇತ್ಯರ್ಥವಾಯಿತು. ನಾಲ್ಕು ಅನ್ನುವುದು ಪ್ರಯೋಗ ಮಾಡಿ ನೋಡುವವರಿಗೆ ಅಂತ ಹೇಳಿದ ಅಳತೆ. ನಾವು ಅದರ ಮೇಲೆ ಎಂಟು ವರ್ಷ ಸಂಸಾರ ಮಾಡಿದೆವು.

ಶುಕ್ರವಾರ ಮುಹೂರ್ತ. "ಹತ್ತೂವರೆಗೆ ರಾಹುಕಾಲ ಬರತ್ತೆ, ಅಷ್ಟರೊಳಗೆ ಮುಗಿಸಿಬಿಡಪ್ಪ" ಅಂತ ಅಕೌಂಟ್ಸ್ ರಾಯರು ಮೊದಲೇ ಎಚ್ಚರಿಸಿದ್ದರು. ಒಂಬತ್ತಕ್ಕೆ ಶುರು ಮಾಡಿದೆ. ಸಾಫ್ಟ್‌ವೇರನ್ನು ಅಣಿಗೊಳಿಸುವ ಆ ವಿಝಾರ್ಡ್ ಹತ್ತು ಹೆಜ್ಜೆ ಇಡಬೇಕು. ಐದನೆಯ ಹೆಜ್ಜೆಗೆ ಬಂದು, ಏಳುಮಲೆ ಹತ್ತಿದ ಮುದುಕನಂತೆ ಅಲ್ಲೇ ಕೂತಿತು. ಹತ್ತೂವರೆಯಾಯಿತು. ಹತ್ತು ನಲವತ್ತಕ್ಕೆ ಕರೆಂಟ್ ಹೋಯಿತು. ಯುಪಿಎಸ್ ಇದೆಯಲ್ಲ ಅಂತ ನೋಡಿದರೆ, ಅದರ ಬ್ಯಾಟರಿಯನ್ನು ಯಾರೋ ಹಾಜರಾತಿ ಯಂತ್ರಕ್ಕೆ ಜೋಡಿಸಿಕೊಂಡಿದ್ದರು. ರಾಯರು ಬಾಗಿಲಲ್ಲಿ ನಿಂತು ಏನೂ ಹೇಳಲಿಲ್ಲ. ಹೇಳಿದ್ದರೇ ಚೆನ್ನಾಗಿತ್ತು. ಸೋಮವಾರ ಒಂಬತ್ತು ಕಳೆದ ಮೇಲೆ ಮತ್ತೆ ಕೂತೆ. ಹತ್ತೂ ಹೆಜ್ಜೆ ತಕರಾರಿಲ್ಲದೆ ಮುಗಿದವು. ಶೇರ್‌ಪಾಯಿಂಟಿನ ಕೈಪಿಡಿಯಲ್ಲಿ ರಾಹುಕಾಲದ ಪ್ರಸ್ತಾಪವಿಲ್ಲ. ಆದರೂ ಅಂದಿನಿಂದ ನಾನು ಕ್ಯಾಲೆಂಡರ್ ನೋಡುತ್ತೇನೆ.

ಇನ್ನು ಜನಕ್ಕೆ ಕಲಿಸಬೇಕು. 'ಚೆಕ್ ಔಟ್' ಅನ್ನುವುದು ಯಾರಿಗೂ ತಲೆಗೆ ಹೋಗಲಿಲ್ಲ. ಒಬ್ಬರು ಫೈಲನ್ನು ಚೆಕ್ ಔಟ್ ಮಾಡಿಕೊಂಡರೆ, ಅವರು ವಾಪಸ್ ಕೊಡುವ ತನಕ ಮಿಕ್ಕವರು ನೋಡಬಹುದು, ತಿದ್ದುವಂತಿಲ್ಲ. ಮೂರು ಸಲ ಹೇಳಿ ಸೋತು, ಕೊನೆಗೆ "ಮಡಿ ಅಂದುಕೊಳ್ಳಿ" ಅಂದೆ. ರಾಯರ ಮುಖ ಅರಳಿತು. ಅವರ ಮನೆಯಲ್ಲಿ ಐವತ್ತು ವರ್ಷದಿಂದ ನಡೆದು ಬಂದ ಪದ್ಧತಿ. ಅಮೆರಿಕದವರು ಈಗ ಕಂಡುಹಿಡಿದಿದ್ದಾರೆ, ಪಾಪ.

ಅರ್ಥವಾದದ್ದೇ ಅನರ್ಥವಾಯಿತು. ಮಾರನೇ ವರ್ಷ ಶ್ರಾವಣದಲ್ಲಿ ರಾಯರು ಬೋನಸ್ ಲೆಕ್ಕದ ಎಕ್ಸೆಲ್ ಫೈಲನ್ನು ಮಡಿಯಲ್ಲಿಟ್ಟು, ಗುರುಗಳ ಆರಾಧನೆಗೆ ಮಂತ್ರಾಲಯಕ್ಕೆ ಹೊರಟುಬಿಟ್ಟರು. ಐದು ದಿನ ಫೋನ್ ಬಂದ್. ಇತ್ತ ಗಣೇಶನ ಹಬ್ಬಕ್ಕೆ ಬೋನಸ್ ಬರುತ್ತದೆಂದು ಕಾರ್ಮಿಕರು ಬೆರಳು ಎಣಿಸುತ್ತಿದ್ದಾರೆ. ಆ ಬೀಗವನ್ನು ಮುರಿಯುವ ಅಧಿಕಾರ ಅಡ್ಮಿನಿಸ್ಟ್ರೇಟರಿಗೆ ಉಂಟು. ಮುರಿದರೆ ರಾಯರು ಮಾಡಿಟ್ಟ ತಿದ್ದುಪಡಿಗಳು ಹೋಗುತ್ತವೆ, ಅಷ್ಟೇ. ಎಂ.ಡಿ. ಸಾಹೇಬರು ಹೇಳಿದರು, ನಾನು ಮುರಿದೆ. ರಾಯರು ಪರಿಮಳ ಪ್ರಸಾದದ ಪೊಟ್ಟಣ ಹಿಡಿದು ಬಂದವರು ಎಲ್ಲರಿಗೂ ಹಂಚಿದರು, ಕಂಪ್ಯೂಟರ್ ತೆರೆದರು, ಆಮೇಲೆ ಮೆಲ್ಲಗೆ ಕೇಳಿದರು: "ಯಾರಪ್ಪ ಮುಟ್ಟಿದ್ದು?" ನನ್ನ ಬಾಯಲ್ಲಿ ಆಗ ಅವರದೇ ಪ್ರಸಾದವಿತ್ತು.

ಜಾಗದ ವಿಷಯಕ್ಕೆ ಬರುತ್ತೇನೆ. ಸರ್ಕಾರಿ ಕಚೇರಿಗಳಲ್ಲಿ ಫೈಲಿಗೆ 'ಕಡತ' ಅನ್ನುತ್ತಾರಲ್ಲ, ಹಿಂದಿನ ಕಾಲದ ಕಡತ ಬೇರೆಯೇ ವಸ್ತು. ಬಟ್ಟೆಗೆ ಹುಣಸೆಬೀಜದ ಅಂಟು, ಇದ್ದಲ ಪುಡಿ ಕಲಸಿ ಬಳಿದು ಒಣಗಿಸುವುದು. ಕಪ್ಪಗೆ ಗಟ್ಟಿಯಾದ ಮೇಲೆ ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಬರೆಯುವುದು. ಶೃಂಗೇರಿ ಮಠದ ಕಡತಗಳನ್ನು ಇತಿಹಾಸಕಾರರು ಇವತ್ತಿಗೂ ಓದುತ್ತಾರೆ. ಅದರ ಹೆಚ್ಚುಗಾರಿಕೆ ನನ್ನಂಥವನಿಗೇ ಗೊತ್ತು: ಬೇಡವಾದದ್ದನ್ನು ಒರೆಸಿ, ಅದೇ ಜಾಗದಲ್ಲಿ ಬೇರೆ ಬರೆಯಬಹುದಿತ್ತು. ಆ ಶಾನುಭೋಗರೆಲ್ಲ ಎಷ್ಟು ಸುಖವಾಗಿ ನಿದ್ದೆ ಮಾಡಿರಬೇಕು ಅಂತ ಯೋಚಿಸುತ್ತೇನೆ.

ನನ್ನ ಕಡತ ಒರೆಸುವಂಥದ್ದಲ್ಲ. ಒಂದು ಬೆಳಿಗ್ಗೆ ಡಿಸ್ಕ್ ಪೂರ್ತಿ ತುಂಬಿ ಎಲ್ಲವೂ ನಿಂತುಹೋಯಿತು. ಹುಡುಕಿದರೆ ಫೈಲುಗಳೆಲ್ಲ ಸೇರಿ ನಲವತ್ತು ಜಿಬಿ. ಅವುಗಳಲ್ಲಿ ಯಾವಾಗ ಏನು ಬದಲಾಯಿತು ಅಂತ ಎಸ್‌ಕ್ಯೂಎಲ್ ಸರ್ವರ್ ಬರೆದಿಟ್ಟ ಲಾಗ್ ನೂರತೊಂಬತ್ತು ಜಿಬಿ. ಹೊಲಕ್ಕಿಂತ ಪಹಣಿಯೇ ದೊಡ್ಡದು! ಲಾಗ್‌ಗೆ ಆಗಾಗ ಬ್ಯಾಕಪ್ ತೆಗೆದರೆ ಅದರೊಳಗಿನ ಜಾಗ ಖಾಲಿಯಾಗಿ ಮತ್ತೆ ಬಳಕೆಗೆ ಸಿಗುತ್ತದೆ. ತೆಗೆಯದಿದ್ದರೆ ಬೆಳೆಯುತ್ತಲೇ ಹೋಗುತ್ತದೆ. ತೆಗೆಯಬೇಕಾದವನು ನಾನು. ಅದನ್ನು ಮೀಟಿಂಗಿನಲ್ಲಿ "ತಾಂತ್ರಿಕ ಕಾರಣ" ಎಂದು ವಿವರಿಸಿದೆ.

2019ರಲ್ಲಿ ಕ್ಲೌಡಿಗೆ ಹೋದೆವು. ಅಲ್ಲಿ ಸಂಸ್ಥೆಗೆ ಒಂದು ಟೆರಾಬೈಟ್, ಅದರ ಮೇಲೆ ತಲೆಗೆ ಹತ್ತು ಜಿಬಿ. ನಾವು ಅರವತ್ತು ಜನ. "ಒಂದೂವರೆ ಟೆರಾಬೈಟಿನ ಮೇಲೇ ಆಯ್ತಲ್ಲಯ್ಯಾ, ನಮ್ಮ ಮೊಮ್ಮಕ್ಕಳ ಕಾಲಕ್ಕೂ ಸಾಕು" ಅಂದರು ಸಾಹೇಬರು. ಅವರ ಮೊಮ್ಮಗ ಹುಟ್ಟಿ ನಡೆಯುವುದರೊಳಗೆ ತುಂಬಿತು.

ತುಂಬಿಸಿದ್ದು ಯಾರು ಅಂತ ತನಿಖೆಗೆ ಕೂತೆ. ಮೊದಲು ಸಿಕ್ಕಿದ್ದು ಮಾರ್ಕೆಟಿಂಗ್‌ನವರ ಒಂದೇ ಒಂದು ಪವರ್‌ಪಾಯಿಂಟ್. ನಲವತ್ತು ಎಂಬಿ, ದೊಡ್ಡದೇನಲ್ಲ. ಆದರೆ ತಿದ್ದಿದಾಗೆಲ್ಲ ಹಳೆಯ ಪ್ರತಿಯೂ ಉಳಿಯುತ್ತದೆ. ಐನೂರು ಆವೃತ್ತಿಗಳವರೆಗೆ ಇಟ್ಟುಕೊಳ್ಳುವ ಏರ್ಪಾಡು. ಪ್ರತಿ ಆವೃತ್ತಿಗೂ ಪೂರ್ತಿ ತೂಕದ ಲೆಕ್ಕ. ಇವರು ಶೀರ್ಷಿಕೆಯ ಬಣ್ಣವನ್ನು ನೀಲಿಯಿಂದ ಹಸಿರಿಗೆ, ಹಸಿರಿನಿಂದ ನೀಲಿಗೆ ಬದಲಾಯಿಸುತ್ತಾ ಐನೂರು ಮುಟ್ಟಿದ್ದರು. ಇಪ್ಪತ್ತು ಜಿಬಿ. ಈಗಿರುವುದು ನೀಲಿ. "ಹಳೆಯವನ್ನು ತೆಗೀಲಾ ಮೇಡಂ?" "ಇರಲಿ ಬಿಡಿ, ಎಂ.ಡಿ. ಮತ್ತೆ ಹಸಿರು ಕೇಳಿದ್ರೆ?"

ಆಮೇಲೆ 'ಆಯುಧಪೂಜೆ' ಅನ್ನುವ ಫೋಲ್ಡರ್. ಹೆಸರನ್ನು ಅಚ್ಚ ಕನ್ನಡದಲ್ಲೇ ಇಟ್ಟಿದ್ದರು, ಸಂತೋಷ. ಲಿಂಕ್ ನಕಲು ಮಾಡಿದರೆ ಮಾತ್ರ ಆ ಒಂದು ಪದ ಶೇಕಡಾ ಚಿಹ್ನೆಗಳ ಎಪ್ಪತ್ತೆರಡು ಅಕ್ಷರಗಳ ಸರಪಟಾಕಿಯಾಗುತ್ತದೆ. ಒಳಗೆ ವರ್ಷಾವರಿ ವಿಡಿಯೋ: ಲೇತ್ ಯಂತ್ರಕ್ಕೆ ಕುಂಕುಮ, ಫೋರ್ಕ್‌ಲಿಫ್ಟಿಗೆ ಬಾಳೆಕಂದು, ಬೂದುಗುಂಬಳ ಒಡೆಯುವುದು. ಕುಂಬಳ ಒಡೆಯುವ ಒಂದೇ ಗಳಿಗೆಯನ್ನು ಹನ್ನೊಂದು ಮಂದಿ ಹನ್ನೊಂದು ಫೋನುಗಳಲ್ಲಿ ಹಿಡಿದು, ಹನ್ನೊಂದನ್ನೂ ಏರಿಸಿದ್ದರು. ಅಳಿಸುತ್ತೇನೆ ಅಂದರೆ "ದೇವರ ವಿಷಯ, ಇರಲಿ ಬಿಡಿ" ಅನ್ನುತ್ತಾರೆ. ಇದಕ್ಕೆ ಎದುರಾಡುವ ಧೈರ್ಯ ಯಾವ ಅಡ್ಮಿನಿಸ್ಟ್ರೇಟರಿಗಿದೆ?

ನನ್ನ ಸ್ವಂತ ಪರೀಕ್ಷೆಯ ಕಸವನ್ನಾದರೂ ಅಳಿಸೋಣವೆಂದು ಮುನ್ನೂರು ಜಿಬಿ ಡಿಲೀಟ್ ಒತ್ತಿದೆ. ಲೆಕ್ಕದ ಪಟ್ಟಿ ಕದಲಲಿಲ್ಲ. ಅಳಿಸಿದ್ದೆಲ್ಲ ಕಸದ ಬುಟ್ಟಿಗೆ ಹೋಗುತ್ತದೆ, ಆ ಬುಟ್ಟಿಯೂ ನಮ್ಮ ಜಾಗದಲ್ಲೇ ಇರುತ್ತದೆ. ಅದನ್ನು ಖಾಲಿ ಮಾಡಿದರೆ ಎರಡನೇ ಬುಟ್ಟಿಗೆ ಬೀಳುತ್ತದೆ. ಯಾರೂ ಮುಟ್ಟದಿದ್ದರೆ ಒಟ್ಟು 93 ದಿನ. ಸತ್ತ ಮನುಷ್ಯನಿಗೇ ಹದಿಮೂರು ದಿನಕ್ಕೆ ವೈಕುಂಠ ಸಮಾರಾಧನೆ ಮುಗಿಸುತ್ತೇವೆ; ಒಂದು ಎಕ್ಸೆಲ್ ಶೀಟಿನ ಆತ್ಮ ಮೂರು ತಿಂಗಳು ಪೀಣ್ಯದಲ್ಲೇ ಅಲೆಯುತ್ತದೆ.

ಕೊನೆಯ ಪ್ರಯತ್ನವಾಗಿ ಎಲ್ಲರಿಗೂ ಒಂದು ಪಟ್ಟಿ ಕಳಿಸಿದೆ: ಫೋಲ್ಡರಿನ ಹೆಸರು, ಎದುರಿಗೆ 'ಬೇಕು', 'ಬೇಡ' ಎರಡೇ ಕಲಂ. ವಾಪಸ್ ಬಂದಾಗ ಮೂರು ಕಲಂ ಇದ್ದವು. ಮೂರನೆಯದರ ಹೆಸರು ನಿಮಗೆ ಗೊತ್ತೇ ಇದೆ. ಅಷ್ಟರಲ್ಲಿ ಆ ಪಟ್ಟಿಗೇ ಅರವತ್ತೊಂದು ಆವೃತ್ತಿಗಳಾಗಿದ್ದವು. ಸಾಹೇಬರು ಅದನ್ನು ನೋಡಿ, "ಎಷ್ಟು ದುಡ್ಡು ಕಟ್ಟಿದರೆ ಇನ್ನಷ್ಟು ಜಾಗ ಕೊಡ್ತಾರಂತೆ?" ಅಂದರು. ಕಟ್ಟಿದೆವು.

2011ರ ಆ ಹಳೇ ಸರ್ವರ್ ಸ್ಟೋರ್ ರೂಮಿನಲ್ಲಿ ಗ್ರೀಸ್ ಡಬ್ಬಗಳ ಪಕ್ಕ ಇದೆ. ಹೋದ ವರ್ಷ ಗುಜರಿಯವನು ಬಂದು "ಇದು ಬೇಕಾ ಸಾರ್?" ಅಂತ ನನ್ನನ್ನೇ ಕೇಳಿದ. ನಾಲ್ಕು ಜಿಬಿ ರ‍್ಯಾಮ್, ಎಂಟು ವರ್ಷದ ದುಡಿಮೆ. ಅವನಿಗೆ ಏನು ಹೇಳಿದೆನೋ ಹೇಳಿದೆ. ಪ್ಲಗ್ ಹಾಕದೆ ಐದು ವರ್ಷ ದಾಟಿದೆ; ಪ್ರತಿ ಆಯುಧಪೂಜೆಗೆ ಅದಕ್ಕೂ ಕುಂಕುಮ, ಒಂದು ನಿಂಬೆಹಣ್ಣು.