ಹುರುಳಿ ತಿಂದ ಕುದುರೆ

ಕೊಯಮತ್ತೂರಿನ ವಡವಳ್ಳಿಯ ನಮ್ಮ ಮನೆಗೂ ಪಕ್ಕದ ಅಕ್ಕನ ಮನೆಗೂ ನಡುವೆ ಎದೆಮಟ್ಟದ ಕಾಂಪೌಂಡು. ಅವರ ನುಗ್ಗೆಮರ ನಮ್ಮ ಕಡೆಗೆ ಬಾಗಿದೆ. ಸೊಪ್ಪೂ ನಮಗೆ, ಕಂಬಳಿಹುಳವೂ ನಮಗೆ. ಅಕ್ಕ ನೆಗಮಮ್ ಕಡೆಯ ದೇವಾಂಗರು. ಮನೆಮಾತು ಕನ್ನಡ, ಓದುಬರಹ ತಮಿಳು. ಹಾಸನದಿಂದ ಬಂದ ನನ್ನ ಕನ್ನಡ ಅವರ ಕಿವಿಗೆ ರೇಡಿಯೋ ವಾರ್ತೆ ಕೇಳಿದ ಹಾಗಂತೆ. ಆದರೂ ಮೊದಲ ದಿನವೇ ಕೊಂಗುನಾಡಿನ ರೂಢಿಯಂತೆ ನನ್ನನ್ನು ‘ಕಣ್ಣು’ ಎಂದು ಕರೆದುಬಿಟ್ಟರು.

ಮೊನ್ನೆ ಬಟ್ಟೆ ಒಣಗಹಾಕುವಾಗ ಕಟ್ಟೆಯ ಮೇಲಿದ್ದ ನನ್ನ ಡಬ್ಬಿ ಅವರ ಕಣ್ಣಿಗೆ ಬಿತ್ತು. ತೂಕ ಇಳಿಸುವ ಪುಡಿ. ಮೇಲೊಂದು ಬಳುಕುವ ಹುಡುಗಿಯ ಚಿತ್ರ. ತಿಂಗಳಿಗೆ 10 ಕಿಲೋ ಗ್ಯಾರಂಟಿ ಎಂದು ಪರಿಚಯದವರೊಬ್ಬರು ತಲೆಗೆ ಕಟ್ಟಿದ್ದರು.

“ಒಳಗೇನಿದೆ ಕಣ್ಣು?”

“ಬರೆದಿಲ್ಲ ಅಕ್ಕ.”

“ಏನಿದೆ ಅಂತ ಗೊತ್ತಿಲ್ಲದ್ದನ್ನ ನಾವು ಎಮ್ಮೆಗೂ ಹಾಕಲ್ಲ.”

ನಾಚಿಕೆಯಾಗಿ ಒಳಗೆ ಹೋಗಿ ಲೆಕ್ಕ ಹಾಕಿದೆ. ಒಂದು ಕಿಲೋ ಕೊಬ್ಬು ಕರಗಬೇಕಾದರೆ ಸುಮಾರು 7,700 ಕ್ಯಾಲರಿ ಖರ್ಚಾಗಬೇಕು. ತಿಂಗಳಿಗೆ 10 ಕಿಲೋ ಅಂದರೆ ದಿನಕ್ಕೆ 2,500ಕ್ಕೂ ಮೇಲೆ. ನಾನು ದಿನವಿಡೀ ತಿನ್ನುವುದೇ ಅಷ್ಟಿಲ್ಲ! ಊಟ ಪೂರ್ತಿ ಬಿಟ್ಟರೂ ಲೆಕ್ಕ ಕೂಡುವುದಿಲ್ಲ. ಹಾಗೆ ದಡಬಡ ಇಳಿಯುವುದರಲ್ಲಿ ನೀರು, ಮಾಂಸಖಂಡಗಳದ್ದೂ ದೊಡ್ಡ ಪಾಲು. ಜೊತೆಗೆ ಪಿತ್ತಕೋಶದಲ್ಲಿ ಕಲ್ಲು ಕಟ್ಟುವ ಭಯ ಬೇರೆ. ವಾರಕ್ಕೆ ಅರ್ಧದಿಂದ ಒಂದು ಕಿಲೋ ಸಾಕು ಅನ್ನುತ್ತಾರೆ ವೈದ್ಯರು.

ಸಂಜೆ ಅಕ್ಕ ಸೊಂಟದ ವಿಷಯ ಎತ್ತಿದರು. ಭಾರತೀಯ ಗಂಡಸರಿಗೆ 90 ಸೆಂಟಿಮೀಟರು, ಹೆಂಗಸರಿಗೆ 80 ದಾಟಬಾರದಂತೆ ಎಂದೆ. ನೇಕಾರರ ಮಗಳು, ಸೆಂಟಿಮೀಟರೆಲ್ಲ ಯಾಕೆ ಬೇಕು? ಮೊಣಕೈಯಿಂದ ಬೆರಳ ತುದಿಯವರೆಗೆ ಅಳೆದು, “ಅಂದರೆ ಗಂಡಸಿಗೆ ಎರಡು ಮೊಳ, ನಮಗೆ ಐದಾರು ಬೆರಳು ಕಡಿಮೆ” ಎಂದರು. ಸರಿಯಾಗಿಯೇ ಇತ್ತು. ನನ್ನದನ್ನು ಅಳೆಯಲು ಬಂದಾಗ ಒಲೆಯ ಮೇಲೆ ಹಾಲಿದೆ ಎಂದು ತಪ್ಪಿಸಿಕೊಂಡೆ.

“ನಿಮ್ಮಪ್ಪ ಗುಂಡಿಮಗ್ಗದಲ್ಲಿ ಕೂತು ದಿನವೆಲ್ಲ ಕಾಲಲ್ಲಿ ತುಳೀತಿದ್ದರಲ್ಲ, ಅದಕ್ಕೇ ಅಷ್ಟು ಸಣ್ಣಗಿದ್ದರು” ಎಂದು ಇನ್ನೊಂದು ದಿನ ನಾನೇ ಹಳೇ ಕಾಲವನ್ನು ಹೊಗಳಲು ಹೊರಟೆ. ಅಕ್ಕ ನಕ್ಕರು. “ತುಳಿದದ್ದು ನಿಜ. ಆದರೆ ಸಣ್ಣಗಿದ್ದದ್ದು ಮನೇಲಿ ಅಕ್ಕಿ ಸಾಲದ್ದಕ್ಕೆ. ಅದನ್ನ ಆರೋಗ್ಯ ಅನ್ನಬೇಡ.” ನನ್ನ ಬಾಯಿ ಮುಚ್ಚಿತು.

ಇಲ್ಲಿ ತಿನ್ನಲು ಯಾವುದಕ್ಕೂ ಬರವಿಲ್ಲ. ನಮ್ಮ ಒಬ್ಬಟ್ಟು ಕೊಯಮತ್ತೂರಿನಲ್ಲಿ ‘ಒಪ್ಪಿಟ್ಟು’ ಆಗಿದೆ. ಮೈಸೂರಿನ ಪಾಕ್ ಇಲ್ಲಿ ಹಲ್ಲೇ ಬೇಡದಷ್ಟು ಮೆತ್ತಗಾಗಿ ‘ಮೈಸೂರ್‌ಪಾ’ ಆಗಿದೆ. 1948ರಲ್ಲಿ ಶುರುವಾದ ಶ್ರೀಕೃಷ್ಣ ಸ್ವೀಟ್ಸ್‌ನವರು ಅದನ್ನು ಊರಿನ ಗುರುತನ್ನೇ ಮಾಡಿದ್ದಾರೆ. ತುಪ್ಪ ಗ್ರಾಮಿಗೆ ಒಂಬತ್ತು ಕ್ಯಾಲರಿ, ಸಕ್ಕರೆ ನಾಲ್ಕು. ಮರುದಮಲೆ ಮುರುಗನ ಬೆಟ್ಟದ ಎಂಟುನೂರಕ್ಕೂ ಹೆಚ್ಚು ಮೆಟ್ಟಿಲು ಹತ್ತಿ ಗಳಿಸಿದ್ದನ್ನು ಒಂದು ದಪ್ಪ ತುಂಡು ಎರಡೇ ನಿಮಿಷದಲ್ಲಿ ನುಂಗಿಹಾಕುತ್ತದೆ.

ಮೆಟ್ಟಿಲು ಅಂದಾಗ ಅಕ್ಕ ತಮ್ಮ ಗುಟ್ಟೊಂದನ್ನು ಬಿಚ್ಚಿದರು. ಕೃತ್ತಿಕೆಯ ಉಪವಾಸ ಮಾಡಿ, ಸಕ್ಕರೆ ಕಾಯಿಲೆಯ ಮಾತ್ರೆ ಮಾತ್ರ ತಪ್ಪದೆ ನುಂಗಿ, ಮುರುಗನ ಮೆಟ್ಟಿಲು ಹತ್ತಿದ್ದರಂತೆ. ಅರ್ಧದಲ್ಲಿ ಬೆವರು, ನಡುಕ, ಕಣ್ಣು ಕತ್ತಲೆ. ಯಾರೋ ಪುಣ್ಯಾತ್ಮರು ಬಾಯಿಗೆ ಪಂಚಾಮೃತ ಹಾಕಿದ ಮೇಲೆ ಸುಧಾರಿಸಿಕೊಂಡರು. ಊಟ ಕಡಿಮೆ ಮಾಡುವ ಮೊದಲು ಬಂದು ಕೇಳಿ, ಮಾತ್ರೆಯ ಅಳತೆ ಬದಲಿಸಬೇಕಾಗುತ್ತದೆ ಎಂದು ವೈದ್ಯರು ಬೈದರಂತೆ. ಈಗ ಅಕ್ಕ ಸಮನೆಲದಲ್ಲೇ ದಿನಾ ಅರ್ಧ ಗಂಟೆ ನಡೆಯುತ್ತಾರೆ. ಮೊಣಕಾಲಿಗೂ ಅದೇ ಒಪ್ಪಿಗೆ.

“ಹುರುಳಿ ತಿನ್ನು ಕಣ್ಣು” ಎನ್ನುವುದು ಅವರ ಕೊನೆಯ ಅಸ್ತ್ರ. ಸೊರಗಿದವನಿಗೆ ಎಳ್ಳು, ಕೊಬ್ಬಿದವನಿಗೆ ಹುರುಳಿ ಎಂದು ತಮಿಳಿನಲ್ಲೊಂದು ಗಾದೆಯೇ ಇದೆ. ಕೊಂಗರ ಮನೆಯಲ್ಲಿ ಹುರುಳಿ ಪರುಪ್ಪು (ತೊವ್ವೆ), ರಸಂ ಇಲ್ಲದೆ ಚಳಿಗಾಲ ಕಳೆಯುವುದಿಲ್ಲ. ನೂರು ಗ್ರಾಂ ಕಾಳಿನಲ್ಲಿ ಇಪ್ಪತ್ತು ಗ್ರಾಮಿಗೂ ಮೇಲೆ ಪ್ರೋಟೀನು, ಜೊತೆಗೆ ನಾರು. ತಿಂದರೆ ಬೇಗ ಹಸಿವಾಗದು. ಅಷ್ಟು ಮಾತ್ರ ನಿಜ, ಕೊಬ್ಬು ಕರಗಿಸುವ ಮಂತ್ರವೇನೂ ಅದರಲ್ಲಿಲ್ಲ. ಕೇಳಿಯೇಬಿಟ್ಟೆ: “ಹುರುಳಿಯಿಂದ ತೂಕ ಇಳಿಯುತ್ತಾ ಅಕ್ಕ? ಕುದುರೆಗೂ ಅದನ್ನೇ ಹಾಕ್ತಾರಲ್ಲ!”

“ಕುದುರೆ ತಿಂದು ಓಡುತ್ತೆ. ನೀನು ತಿಂದು ಮಲಗ್ತೀಯ.”

ಮಾರನೇ ದಿನ ಪುಡಿಯನ್ನು ಕಸಕ್ಕೆ ಸುರಿದೆ. ಗಟ್ಟಿ ಡಬ್ಬಿ, ಬಿಸಾಡಬೇಡ ಎಂದು ಅಕ್ಕ ಇಸಿದುಕೊಂಡರು. ಇವತ್ತು ಬೆಳಿಗ್ಗೆ ಅದು ತೊಳೆದುಕೊಂಡು, ತುಂಬಿಕೊಂಡು ಕಾಂಪೌಂಡಿನ ಮೇಲೆ ಕೂತಿತ್ತು. ಹೊರಗೆ ಅದೇ ಬಳುಕುವ ಹುಡುಗಿ, ಒಳಗೆ ಒಂದು ಸೇರು ಹುರುಳಿ.