ಇಡ್ಲಿ ಸ್ಟ್ಯಾಂಡಿನ ತಾತ್ವಿಕ ನೆಲೆಗಳು

ಕನ್ನಡ ವಿದ್ವತ್ತು ಇಡ್ಲಿಯನ್ನು ಕಡೆಗಣಿಸಿದೆ ಎಂದು ಯಾರೂ ದೂರುವಂತಿಲ್ಲ. ಅದರ ಮೂಲ ಯಾವುದು, ವಯಸ್ಸೆಷ್ಟು, ಅದು ನಮ್ಮದೋ ಪಕ್ಕದ ರಾಜ್ಯದವರದೋ ಎಂಬ ತಕರಾರುಗಳಿಗೆ ಬೇಕಾದಷ್ಟು ಶಾಯಿ ಖರ್ಚಾಗಿದೆ. ಆದರೆ ಬೇಯುವ ಹೊತ್ತಿನಲ್ಲಿ ಆ ಇಡ್ಲಿ ಯಾವುದರ ಮೇಲೆ ಕೂತಿತ್ತು ಎಂದು ಕೇಳಿದವರಿಲ್ಲ. ವಿಚಾರ ಸಂಕಿರಣಗಳ ಬೆಳಗಿನ ಗೋಷ್ಠಿ ಯಾವಾಗ ಶುರುವಾಗಬೇಕೆಂದು ತೀರ್ಮಾನಿಸುವುದು ಇಡ್ಲಿ ಸ್ಟ್ಯಾಂಡೇ ಆದರೂ, ಗೋಷ್ಠಿಯ ವಿಷಯವಾಗುವ ಯೋಗ ಅದಕ್ಕೆ ಕೂಡಿಬಂದಿಲ್ಲ. ಈ ಲೋಪವನ್ನು ಸರಿಪಡಿಸುವ ಭಾರ ಪ್ರಸ್ತುತ ಪ್ರಬಂಧಕಾರನ ಮೇಲೆ ಬಿದ್ದಿದೆ. ಯಾರೂ ಹೊರಿಸಿದ್ದಲ್ಲ, ತಾನೇ ಬಿದ್ದದ್ದು.

ಮೊದಲು ಲಕ್ಷಣ. ಕುದಿಯುವ ನೀರಿನ ಪಾತ್ರೆಯೊಳಗೇ ಇದ್ದು, ನೀರು ಸೋಕದಂತೆ, ಹಬೆ ಮಾತ್ರ ತಾಗುವಂತೆ ಹಿಟ್ಟನ್ನು ಎತ್ತಿ ಹಿಡಿಯುವ, ಮನೆಮಂದಿಯ ಲೆಕ್ಕಕ್ಕೆ ತಕ್ಕಂತೆ ಮಹಡಿಗಳನ್ನು ಏರಿಸಿ ಇಳಿಸಬಹುದಾದ ಲೋಹದ ಸಾಧನವೇ ಇಡ್ಲಿ ಸ್ಟ್ಯಾಂಡು. ಇಷ್ಟು ಹೇಳುವಷ್ಟರಲ್ಲಿ ತಾರ್ಕಿಕರು ಅವ್ಯಾಪ್ತಿ ದೋಷವನ್ನು ಎತ್ತುತ್ತಾರೆ. ಪಾತ್ರೆಗೆ ನೀರು ಜಾಸ್ತಿ ಸುರಿದ ದಿನ ಕೆಳಮಹಡಿ ಮುಳುಗಿ, ಇಡ್ಲಿ ಹೋಗಿ ಗಂಜಿಯಾಗುತ್ತದಲ್ಲ, ಆಗ ಅದು ಸ್ಟ್ಯಾಂಡು ಹೌದೋ ಅಲ್ಲವೋ? ಸಮಾಧಾನ ಹೀಗಿದೆ: ಅದು ಆಗಲೂ ಸ್ಟ್ಯಾಂಡೇ, ದೋಷವಿರುವುದು ನೀರು ಸುರಿದವರಲ್ಲಿ. ಅಂಥವರು ಸಾಮಾನ್ಯವಾಗಿ ಹೆಂಡತಿ ತವರಿಗೆ ಹೋದ ವಾರ ಅಡುಗೆಮನೆಗೆ ಪ್ರವೇಶ ಮಾಡಿದವರಾಗಿರುತ್ತಾರೆ. ಇನ್ನು ಅತಿವ್ಯಾಪ್ತಿ. ಕುಕ್ಕರಿನ ತಳದಲ್ಲಿ ಇಡುವ ತೂತಿನ ತಟ್ಟೆಯೂ ಡಬ್ಬಿಗಳನ್ನು ಎತ್ತಿ ಹಿಡಿಯುತ್ತದೆ, ಅದೂ ಸ್ಟ್ಯಾಂಡೇ ಆಗಬೇಡವೇ? ಆಗದು. ಅದಕ್ಕೆ ಮಹಡಿಯಿಲ್ಲ, ಮೇಲೇರುವ ಆಸೆಯೂ ಇಲ್ಲ. ಅದನ್ನು ದಾಯಾದಿಯೆಂದು ಗುರುತಿಸಿ, ಪಾಲು ಕೊಡದೆ ಮುಂದೆ ಹೋಗಬಹುದು.

ಚರಿತ್ರೆಯ ವಿಷಯದಲ್ಲಿ ಆಕರಗಳು ಸಂಚು ಮಾಡಿದಂತೆ ಮೌನವಾಗಿವೆ. 10ನೇ ಶತಮಾನದ ವಡ್ಡಾರಾಧನೆಯಲ್ಲಿ ಇಡ್ಡಲಿಗೆ ಸಿಗುತ್ತದೆ. ಸುಮಾರು 1025ರಲ್ಲಿ ಚಾವುಂಡರಾಯ ಬರೆದ ಲೋಕೋಪಕಾರ ಇನ್ನೂ ಮುಂದೆ ಹೋಗಿ ಉದ್ದನ್ನು ಮಜ್ಜಿಗೆಯಲ್ಲಿ ನೆನೆಸು, ನುಣ್ಣಗೆ ರುಬ್ಬು, ಮೊಸರಿನ ತಿಳಿ ಬೆರೆಸು, ಇಂಗು ಜೀರಿಗೆ ಕೊತ್ತಂಬರಿ ಮೆಣಸು ಹಾಕು ಎಂದು ವಿಧಿಸುತ್ತದೆ. (ಈ ಗ್ರಂಥಕಾರ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯನಲ್ಲ. ಅಷ್ಟು ದೊಡ್ಡದನ್ನು ನಿಲ್ಲಿಸಿದವನು ಸ್ಟ್ಯಾಂಡನ್ನು ಮರೆಯುತ್ತಿರಲಿಲ್ಲ.) 12ನೇ ಶತಮಾನದಲ್ಲಿ ಕಲ್ಯಾಣ ಚಾಲುಕ್ಯರ ಮೂರನೆಯ ಸೋಮೇಶ್ವರನ ಮಾನಸೋಲ್ಲಾಸದಲ್ಲಿ ಇಡ್ಡರಿಕೆ ಬರುತ್ತದೆ. ಈ ಮೂರನ್ನೂ ಸೋಸಿದ ಆಹಾರ ಚರಿತ್ರಕಾರ ಕೆ.ಟಿ. ಅಚ್ಚಯ್ಯ, ಸ್ವತಃ ಕೊಳ್ಳೇಗಾಲದಲ್ಲಿ ಹುಟ್ಟಿದವರು, ಒಂದು ಕಹಿ ಸತ್ಯ ಹೇಳಿದರು. ಇವುಗಳಲ್ಲಿ ಅಕ್ಕಿ ಬೆರೆಸುವ ಮಾತಿಲ್ಲ, ಹಿಟ್ಟನ್ನು ಹುಳಿ ಬರಿಸುವ ಮಾತಿಲ್ಲ, ಹಬೆಯಲ್ಲಿ ಬೇಯಿಸುವ ಮಾತಂತೂ ಇಲ್ಲವೇ ಇಲ್ಲ. ಹಬೆಯ ವಿದ್ಯೆ ಇಂಡೋನೇಷ್ಯಾದ ಕಡೆಯಿಂದ ಅರಸರ ಬಾಣಸಿಗರ ಜೊತೆ ಬಂದಿರಬಹುದೆಂದು ಅವರು ಊಹಿಸಿದರು. 7ನೇ ಶತಮಾನದಲ್ಲಿ ಬಂದ ಹ್ಯೂಯೆನ್‌ತ್ಸಾಂಗ್ ಈ ದೇಶದಲ್ಲಿ ಹಬೆಪಾತ್ರೆಗಳೇ ಇಲ್ಲ ಎಂದದ್ದನ್ನೂ ಸಾಕ್ಷಿಗೆ ತಂದರು.

ಅಚ್ಚಯ್ಯನವರ ಪಾಂಡಿತ್ಯಕ್ಕೆ ತಲೆಬಾಗಿಯೂ ಹ್ಯೂಯೆನ್‌ತ್ಸಾಂಗನ ಹೇಳಿಕೆಯನ್ನು ಅನುಮಾನದಿಂದಲೇ ನೋಡಬೇಕಾಗುತ್ತದೆ. ದೂರದಿಂದ ಬಂದ ಅತಿಥಿಯನ್ನು ನಮ್ಮವರು ಪಡಸಾಲೆಯಲ್ಲಿ ಕೂರಿಸಿ ಉಪಚರಿಸುತ್ತಾರೆಯೇ ಹೊರತು ಅಡುಗೆಮನೆಗೆ ಕರೆದೊಯ್ದು ಅಟ್ಟ ಹತ್ತಿಸಿ ಪಾತ್ರೆಪಗಡೆ ತೋರಿಸುವುದಿಲ್ಲ. ಸ್ಟ್ಯಾಂಡು ಅಟ್ಟದ ಮೇಲಿದ್ದಿದ್ದರೆ ಅವನಿಗೆ ಕಾಣುವುದು ಹೇಗೆ?

ಸ್ಟ್ಯಾಂಡ್‌ಪೂರ್ವ ಯುಗದಲ್ಲಿ ಜನ ಸುಮ್ಮನೆ ಕೂತಿರಲಿಲ್ಲ ಎಂಬುದಂತೂ ಖಚಿತ. ಮಡಕೆಯ ತಳಕ್ಕೆ ಹುಲ್ಲು ಹಾಸಿ ಅದರ ಮೇಲೆ ಕಡುಬಿಟ್ಟು ಬೇಯಿಸಿದರು. ಮಡಕೆಯ ಬಾಯಿಗೆ ಬಟ್ಟೆ ಬಿಗಿದು ಅದರ ಮೇಲೆ ಹಿಟ್ಟು ಹುಯ್ದರು. ಪಾಲಕ್ಕಾಡಿನ ಹತ್ತಿರ ರಾಮಶ್ಶೇರಿಯಲ್ಲಿ ಇದು ಇವತ್ತಿಗೂ ನಡೆಯುತ್ತಿದೆ. ಕಾಂಚೀಪುರದವರು ಬಿದಿರಿನ ಬುಟ್ಟಿ ಹಿಡಿದರು. ಕರಾವಳಿಯವರದು ಇನ್ನೂ ಸ್ವಾಭಿಮಾನದ ದಾರಿ. ಹಲಸಿನ ಎಲೆಯ ಕೊಟ್ಟೆಯಾಗಲಿ, ಮುಂಡುಕದ ಎಲೆ ಸುತ್ತಿದ ಮೂಡೆಯಾಗಲಿ, ಅಟ್ಟಿನಳಗೆಯೊಳಗೆ ತನ್ನ ಕಾಲ ಮೇಲೆ ತಾನೇ ನೆಟ್ಟಗೆ ನಿಲ್ಲುತ್ತದೆ. ಮೂಡೆ ತಿಂದು ಬೆಳೆದವರಲ್ಲಿ ಯಾರನ್ನೂ ಆಶ್ರಯಿಸದ ಗುಣ ಬಂದಿರುವುದಕ್ಕೂ ಇದಕ್ಕೂ ಸಂಬಂಧ ಇರಬಹುದೇ ಎಂಬುದನ್ನು ಮಂಗಳೂರು ಕಡೆಯ ಸಂಶೋಧಕರು ನೋಡಿಕೊಳ್ಳಲಿ.

ಅಂಗರಚನೆ. ನಡುವೆ ಒಂದು ಕಂಬಿ. ಅದಕ್ಕೆ ಪೋಣಿಸಿದ ಗುಳಿತಟ್ಟೆಗಳು. ತಟ್ಟೆತಟ್ಟೆಯ ನಡುವೆ ಅಂತರ ಕಾಯುವ ಕೊಳವೆ ಅಥವಾ ಕಾಲು. ತುದಿಯಲ್ಲಿ ತಿರುಪು. ಗುಳಿಗಳಲ್ಲಿ ಸಣ್ಣ ತೂತುಗಳಿದ್ದು, ಅವು ಹಬೆಯನ್ನು ಮೇಲಕ್ಕೆ ಬಿಡುತ್ತವೆ, ತಣಿದ ನೀರನ್ನು ಕೆಳಕ್ಕೆ ಇಳಿಸುತ್ತವೆ. ನೋಡಲು ಸಾಮಾನ್ಯ. ಆದರೆ ಇದರಲ್ಲಿ ಅಡಗಿರುವ ರೇಖಾಗಣಿತವನ್ನು ಹೈಸ್ಕೂಲಿನಲ್ಲಿ ಕಲಿಸಿದ್ದರೆ ಎಷ್ಟೋ ಮಕ್ಕಳು ಪಾಸಾಗುತ್ತಿದ್ದರು. ಮೇಲಿನ ತಟ್ಟೆಯ ಗುಳಿಯ ಬೆನ್ನು ಕೆಳಗಿನ ತಟ್ಟೆಯ ಇಡ್ಲಿಯ ನೆತ್ತಿಗೆ ನೇರವಾಗಿ ಬರಬಾರದು. ಬಂದರೆ, ಉಬ್ಬಿದ ಇಡ್ಲಿ ಮೇಲಿನ ಗುಳಿಗೆ ಮೆತ್ತಿಕೊಂಡು, ಸ್ಟ್ಯಾಂಡು ಬಿಚ್ಚುವಾಗ ಅರ್ಧ ಮೇಲಿನ ಮನೆಗೆ, ಅರ್ಧ ಕೆಳಗಿನ ಮನೆಗೆ ಪಾಲಾಗುತ್ತದೆ. ಆದ್ದರಿಂದ ನಾಲ್ಕು ಗುಳಿಯ ತಟ್ಟೆಯನ್ನು 45 ಡಿಗ್ರಿ, ಮೂರು ಗುಳಿಯದನ್ನು 60 ಡಿಗ್ರಿ ತಿರುಗಿಸಿ ಕೂರಿಸಬೇಕು. ಕೋನಮಾಪಕ ಕಂಡೇ ಇರದ ಅಜ್ಜಿಯರು ಇದನ್ನು ಕಣ್ಣಳತೆಯಲ್ಲಿ, ನಿದ್ದೆಗಣ್ಣಲ್ಲಿ, ಬೆಳಗಿನ ಕತ್ತಲಲ್ಲಿ ಸಾಧಿಸಿದ್ದಾರೆ. ಎಂಜಿನಿಯರ್ ಮೊಮ್ಮಕ್ಕಳು ಎಲ್ಲ ತಟ್ಟೆಗಳನ್ನೂ ಒಂದೇ ನೇರಕ್ಕೆ ಜೋಡಿಸಿ, ನೋಡಲು ಚೆಂದವಾಗಿದೆ ಎನ್ನುತ್ತಾರೆ.

ಗುಳಿಯ ಮೇಲ್ಮೈ ಕುರಿತು ಎರಡು ಪಂಥಗಳಿವೆ. ಎಣ್ಣೆ ಸವರುವವರು, ಒದ್ದೆ ಬಟ್ಟೆ ಹಾಸುವವರು. ಹೋಟೆಲುಗಳಲ್ಲಿ ಬಟ್ಟೆಪಂಥದ ಒಂದು ಶಾಖೆ ದಾರಿ ತಪ್ಪಿ ಪ್ಲಾಸ್ಟಿಕ್ ಹಾಳೆ ಹಾಸತೊಡಗಿತ್ತು. 2025ರಲ್ಲಿ ರಾಜ್ಯ ಸರ್ಕಾರವೇ ಮಧ್ಯೆ ಬಂದು ಅದನ್ನು ನಿಷೇಧಿಸಬೇಕಾಯಿತು. ಪಾಕಶಾಸ್ತ್ರದ ಒಳಜಗಳಕ್ಕೆ ಆರೋಗ್ಯ ಇಲಾಖೆ ತೀರ್ಪು ಕೊಟ್ಟದ್ದು ಸರಿಯಾಗಿಯೇ ಇದೆ. ಬಿಸಿ ಹಬೆಗೆ ಪ್ಲಾಸ್ಟಿಕ್ ಒಡ್ಡಿ ಅದರ ಮೇಲಿನದನ್ನು ಮಕ್ಕಳಿಗೆ ತಿನ್ನಿಸುವುದರಲ್ಲಿ ಪರಿಹಾಸ್ಯಕ್ಕೆ ಏನೂ ಇಲ್ಲ.

ಈಗ ಮಹಡಿ ವಿಚಾರ. ಮುಚ್ಚಿದ ಪಾತ್ರೆಯಲ್ಲಿ ಹಬೆ ಎಲ್ಲ ಮಹಡಿಗೂ ಸಮನಾಗಿ ಹರಡುತ್ತದೆ ಎಂದು ಭೌತಶಾಸ್ತ್ರದವರು ಹೇಳುತ್ತಾರೆ. ಅವರು ಇಡ್ಲಿ ತಿಂದಿರುತ್ತಾರೆ, ಹಾಕಿರುವುದಿಲ್ಲ. ಕೆಳಗಿನ ತಟ್ಟೆಗೆ ಕುದಿನೀರಿನ ಎರಚಲು ತಪ್ಪದು. ಮೇಲಿನ ತಟ್ಟೆಯ ಕಷ್ಟ ಬೇರೆ: ಮುಚ್ಚಳಕ್ಕೆ ತಾಗಿದ ಹಬೆ ತಣಿದು ತೊಟ್ಟಿಕ್ಕಿ ಇಡ್ಲಿಯ ನೆತ್ತಿಯಲ್ಲಿ ಗುಂಡಿ ಮಾಡುತ್ತದೆ. ಮುಚ್ಚಳ ಗುಮ್ಮಟದ ಆಕಾರದ್ದಾದರೆ ಹನಿಗಳು ಅಂಚಿಗೆ ಜಾರಿ ಪಕ್ಕದಲ್ಲಿ ಇಳಿದುಹೋಗುತ್ತವೆ. ಚಪ್ಪಟೆ ಮುಚ್ಚಳದವರಿಗೆ ಆ ಭಾಗ್ಯವಿಲ್ಲ. ಹೀಗಾಗಿ ನಡುಮಹಡಿಯ ಇಡ್ಲಿಯೇ ಸರ್ವಶ್ರೇಷ್ಠ ಎಂಬುದು ನಿರ್ವಿವಾದ.

ವಿವಾದವಿರುವುದು ಹಂಚಿಕೆಯಲ್ಲಿ. ನಡುಮಹಡಿ ಅಳಿಯಂದಿರಿಗೆ, ಬೀಗರಿಗೆ, ಆಫೀಸಿಗೆ ಹೊತ್ತಾದವರಿಗೆ ಹೋಗುತ್ತದೆ. ಮೇಲ್ಮಹಡಿ ಮಕ್ಕಳಿಗೆ, ನೆತ್ತಿಯ ಗುಂಡಿಗೆ ತುಪ್ಪ ಬಿಟ್ಟರೆ ಅವರು ಅದನ್ನು ವಿಶೇಷ ಸೌಲಭ್ಯವೆಂದೇ ಭಾವಿಸುತ್ತಾರೆ. ಕೆಳಮಹಡಿಯ ಒದ್ದೆ ಇಡ್ಲಿಗಳು, ಜೊತೆಗೆ ಬಿಡಿಸುವಾಗ ಮುರಿದವು, ಹಾಕಿದಾಕೆಗೇ ಉಳಿಯುತ್ತವೆ. ಆಕೆ ಅವನ್ನು ಎಲ್ಲರದೂ ಆದ ಮೇಲೆ, ಕಟ್ಟೆಗೆ ಒರಗಿ ನಿಂತುಕೊಂಡೇ ತಿನ್ನುತ್ತಾಳೆ. ಯಾರಾದರೂ ಕೇಳಿದರೆ "ನಂಗೆ ಮೆತ್ತಗಿರೋದೇ ಇಷ್ಟ ಕಣ್ರೀ" ಎನ್ನುತ್ತಾಳೆ. ಧ್ವನಿ, ವಕ್ರೋಕ್ತಿ, ಔಚಿತ್ಯಗಳ ಬಗ್ಗೆ ಶತಮಾನಗಟ್ಟಲೆ ತಲೆ ಕೆಡಿಸಿಕೊಂಡ ಪರಂಪರೆ ನಮ್ಮದು. ಆದರೂ ಈ ಒಂದು ವಾಕ್ಯವನ್ನು ತಲೆಮಾರುಗಳಿಂದ ವಾಚ್ಯಾರ್ಥದಲ್ಲೇ ಸ್ವೀಕರಿಸುತ್ತ, ಇನ್ನೆರಡು ಬಡಿಸಿಕೊಳ್ಳುತ್ತ ಬಂದಿದ್ದೇವೆ.

ಮಹಡಿಗಳನ್ನು ಹೆಚ್ಚು ಕಡಿಮೆ ಮಾಡಬಹುದೆಂಬ ಗುಣದಿಂದ ಸ್ಟ್ಯಾಂಡು ಒಂದು ದಾಖಲೆಯೂ ಹೌದು. ಮದುವೆಯ ಹೊಸತರಲ್ಲಿ ಎರಡು ತಟ್ಟೆ, ಮಕ್ಕಳಾದಾಗ ನಾಲ್ಕು, ದಸರಾಕ್ಕೆ ನೆಂಟರು ಬಂದಾಗ ಆರು. ಮಕ್ಕಳು ಅಮೆರಿಕಕ್ಕೆ ಹೋದಾಗ ಮತ್ತೆ ಎರಡು, ಉಳಿದವು ಮಕ್ಕಳ ಸೂಟ್‌ಕೇಸಿನಲ್ಲಿ ಸೀರೆಯ ಮಡಿಕೆಗಳ ನಡುವೆ. ವಿಮಾನ ನಿಲ್ದಾಣದ ಎಕ್ಸ್‌ರೇ ಪರದೆಯ ಮೇಲೆ ಕಂಬಿ, ತೂತು, ತಿರುಪುಗಳ ಈ ರಚನೆ ಎಷ್ಟು ಸಂಶಯಾಸ್ಪದವಾಗಿ ಕಾಣಬಹುದೆಂದು ಯೋಚಿಸಿದರೆ ಭದ್ರತಾ ಸಿಬ್ಬಂದಿಯ ಮೇಲೆ ಮರುಕ ಹುಟ್ಟುತ್ತದೆ. 2020ರಲ್ಲಿ ಇಂಗ್ಲೆಂಡಿನ ಇತಿಹಾಸದ ಅಧ್ಯಾಪಕರೊಬ್ಬರು ಇಡ್ಲಿಯಷ್ಟು ನೀರಸವಾದದ್ದು ಜಗತ್ತಿನಲ್ಲೇ ಇಲ್ಲ ಎಂದು ಟ್ವೀಟ್ ಮಾಡಿ ದಕ್ಷಿಣ ಭಾರತದ ಸಾಮೂಹಿಕ ಕೋಪಕ್ಕೆ ಗುರಿಯಾದರು. ಗಮನಿಸಿ, ಅವರೂ ಸ್ಟ್ಯಾಂಡಿನ ಸುದ್ದಿಗೆ ಹೋಗಲಿಲ್ಲ.

ಹಬೆಯ ಬಗ್ಗೆ ನಾಲ್ಕು ಮಾತು ಹೇಳದಿದ್ದರೆ ಪ್ರಬಂಧಕ್ಕೆ ವೈಜ್ಞಾನಿಕ ಕಳೆ ಬಾರದು. ಕುದಿಯುವ ಒಂದು ಗ್ರಾಂ ನೀರು ಸೊನ್ನೆ ಡಿಗ್ರಿವರೆಗೆ ತಣಿದರೂ ಬಿಟ್ಟುಕೊಡುವುದು 100 ಕ್ಯಾಲೊರಿ. ಒಂದು ಗ್ರಾಂ ಹಬೆ ಬರೀ ನೀರಾಗುವಷ್ಟರಲ್ಲೇ ಸುಮಾರು 540 ಕ್ಯಾಲೊರಿ ಕೊಟ್ಟುಬಿಡುತ್ತದೆ. ಸ್ಟ್ಯಾಂಡು ನೀರಿನಿಂದ ದೂರ ಕಾಯ್ದುಕೊಂಡು ಹಬೆಯ ಸಹವಾಸ ಮಾಡುವುದರ ಗುಟ್ಟು ಇದು. ಮುಚ್ಚಳ ತೆಗೆಯುವಾಗ ಬೆರಳು ಸುಟ್ಟುಕೊಳ್ಳುವುದರ ಗುಟ್ಟೂ ಇದೇ. ಸಮುದ್ರಮಟ್ಟದಿಂದ 900 ಮೀಟರಿಗೂ ಹೆಚ್ಚು ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿಯ ಆಸುಪಾಸಿನಲ್ಲೇ ಕುದಿಯುವುದರಿಂದ, ಮಂಗಳೂರಿನಿಂದ ಬಂದ ಸ್ಟ್ಯಾಂಡಿಗೆ ಮೊದಮೊದಲು ಊರು ಒಗ್ಗುವುದಿಲ್ಲ.

ನೀರು ಎಷ್ಟಿದೆ ಎಂದು ಮುಚ್ಚಳ ತೆಗೆಯದೆ ತಿಳಿಯುವುದಕ್ಕೆ ಹಿರಿಯರು ಪಾತ್ರೆಯ ತಳಕ್ಕೆ ಒಂದು ನಾಣ್ಯ ಹಾಕುತ್ತಿದ್ದರು. ನೀರಿರುವವರೆಗೆ ಅದು ಗಡಗಡ ಎನ್ನುತ್ತದೆ, ಬತ್ತಿದರೆ ಸುಮ್ಮನಾಗುತ್ತದೆ. 2011ರ ಜೂನ್ 30ಕ್ಕೆ 25 ಪೈಸೆ ಮತ್ತು ಅದಕ್ಕಿಂತ ಕೆಳಗಿನ ನಾಣ್ಯಗಳ ಬೆಲೆ ಮುಗಿಯಿತೆಂದು ಸರ್ಕಾರ ಘೋಷಿಸಿದರೂ ಇಡ್ಲಿ ಪಾತ್ರೆಗಳಲ್ಲಿ ಹಗುರವಾದ ಐದು ಪೈಸೆ, ಹತ್ತು ಪೈಸೆಗಳು ಅಬಾಧಿತವಾಗಿ ಚಲಾವಣೆಯಲ್ಲಿವೆ. ನಾಣ್ಯಶಾಸ್ತ್ರಜ್ಞರು ಇತ್ತ ಗಮನ ಹರಿಸಬೇಕು.

ದಾಯಾದಿಯಾದ ಕುಕ್ಕರಿನ ಕಡೆಗೂ ಒಮ್ಮೆ ನೋಡಿಬಿಡೋಣ. 1679ರಲ್ಲಿ ಡೆನಿಸ್ ಪ್ಯಾಪಿನ್ ಎಲುಬನ್ನೂ ಮೆತ್ತಗೆ ಬೇಯಿಸುವ ಹಬೆಪಾತ್ರೆ ಮಾಡಿದ. 1682ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರು ಅದರಲ್ಲಿ ಬೆಂದದ್ದನ್ನು ಊಟ ಮಾಡಿದರು. ಎಲ್ಲವೂ ಒಂದೇ ಪಾತ್ರೆಯ ವ್ಯವಹಾರ. ಪಾತ್ರೆಯೊಳಗೆ ಪಾತ್ರೆಗಳನ್ನು ಮಹಡಿ ಮಹಡಿಯಾಗಿ ಏರಿಸಿ ಇಡೀ ಊಟವನ್ನು ಹಬೆಗೆ ಒಪ್ಪಿಸಿದ್ದು 1910ರಲ್ಲಿ ಬಂಗಾಳದ ವೈದ್ಯ ಇಂದುಮಾಧವ ಮಲ್ಲಿಕ್. ಅವರ ಇಕ್ಮಿಕ್ ಕುಕ್ಕರಿನಲ್ಲಿ ಕೆಳಗೆ ಇದ್ದಿಲು, ಮೇಲೆ ಕ್ಯಾರಿಯರ್ ಡಬ್ಬಿಗಳಂತೆ ಅನ್ನ, ಬೇಳೆ, ತರಕಾರಿ. ನಮ್ಮಲ್ಲಿ ಇದು ತಾತ್ವಿಕ ಕವಲುಗಳಾಗಿ ಒಡೆಯಿತು. ಅನ್ನ ಬೇರೆ, ಬೇಳೆ ಬೇರೆ, ಅವುಗಳ ಭೇದ ನಿತ್ಯ ಎಂದು ಬೇರೆ ಬೇರೆ ಡಬ್ಬಿಗಳಲ್ಲಿ ಇಡುವವರು ದ್ವೈತಿಗಳು. ಎಲ್ಲವನ್ನೂ ಒಟ್ಟಿಗೆ ಸುರಿದು ಬಿಸಿಬೇಳೆಬಾತ್ ಎನ್ನುವವರು ಅದ್ವೈತಿಗಳು. ಮೂರನೇ ವಿಷಲ್ಲಿಗೆ ಬೇಳೆ ಉಕ್ಕಿ ಅನ್ನದ ಡಬ್ಬಿಗೆ ಇಳಿದಾಗ ಬೇರೆಯಾಗಿದ್ದೂ ಬಿಡಿಸಲಾಗದಂತೆ ಬೆರೆತ ಸ್ಥಿತಿಯೊಂದು ಉಂಟಾಗುತ್ತದೆ; ಅದಕ್ಕೆ ಮೇಲುಕೋಟೆಯ ಕಡೆಯಿಂದ ಸಮರ್ಥನೆ ಸಿಗಬಹುದು. ಇಡ್ಲಿ ಮಾತ್ರ ಈ ವಾದಗಳಿಗೆ ಸಿಕ್ಕುವುದಿಲ್ಲ. ಅದನ್ನು ಕುಕ್ಕರಿನಲ್ಲಿಟ್ಟಾಗ ವೆಯ್ಟನ್ನೇ ತೆಗೆದಿಡುತ್ತೇವೆ. ಒತ್ತಡವಿಲ್ಲದೆ ಬೇಯಬಲ್ಲವರಿಗೆ ಸಿದ್ಧಾಂತ ಯಾಕೆ?

ಉಳಿದಿರುವುದು ತಿರುಪಿನ ಸಮಸ್ಯೆ. ಇಡೀ ಸ್ಟ್ಯಾಂಡು ನಿಂತಿರುವುದು ತುದಿಯ ಆ ಪುಟ್ಟ ತಿರುಪಿನಿಂದ, ಮತ್ತು ಮನೆಯಲ್ಲಿ ಮೊದಲು ಕಳೆಯುವುದೂ ಅದೇ. ತೊಳೆಯುವಾಗ ಅದು ಸಿಂಕಿನ ಜಾಲರಿ ದಾಟಿ ಹೋಗುತ್ತದೆ, ಇಲ್ಲವೇ ಫ್ರಿಜ್ಜಿನ ಅಡಿಗೆ ಉರುಳುತ್ತದೆ. ತಿರುಪಿಲ್ಲದ ಸ್ಟ್ಯಾಂಡಿನಲ್ಲೂ ಇಡ್ಲಿ ಬೇಯುತ್ತದೆ ಎಂಬುದು ಚಾರ್ವಾಕರ ವಾದ. ಬೇಯುತ್ತದೆ ನಿಜ, ಕಂಬಿ ಹಿಡಿದು ಮೇಲೆತ್ತಿದಾಗ ತಟ್ಟೆಗಳು ಒಂದೊಂದಾಗಿ ಓರೆಯಾಗಿ, ಮೇಲಿನದು ಜಾರಿ, ಹದಿನಾರೂ ಇಡ್ಲಿ ಕುದಿನೀರಿಗೆ ಬೀಳುವವರೆಗೆ ಅವರ ದರ್ಶನದಲ್ಲಿ ಕೊರತೆ ಕಾಣುವುದಿಲ್ಲ. ಹೊಸ ತಿರುಪು ತರಲು ಪಾತ್ರೆ ಅಂಗಡಿಗೆ ಹೋದರೆ ಅಲ್ಲಿನ ಯಜಮಾನರು ಶ್ರುತಿವಾಕ್ಯದಂತೆ ಒಂದೇ ಮಾತು ಹೇಳುತ್ತಾರೆ: "ಬರೀ ತಿರುಪು ಬರಲ್ಲ ಸಾರ್, ಸೆಟ್ಟೇ ತಗೋಬೇಕು." ಸೆಟ್ಟು ತಂದ ಮೇಲೆ ಮನೆಯಲ್ಲಿ ಎರಡು ಸ್ಟ್ಯಾಂಡು, ಒಂದು ತಿರುಪು. ಹೊಸ ತಿರುಪು ಹಳೆಯ ಕಂಬಿಗೆ ಹಿಡಿಯುವುದಿಲ್ಲ, ಹಳೆಯ ತಟ್ಟೆ ಹೊಸ ಕಂಬಿಗೆ ಇಳಿಯುವುದಿಲ್ಲ. ಹಳೆಯದನ್ನು ಗುಜರಿಗೆ ಹಾಕೋಣವೆಂದು ಗಂಡ ಸೂಚಿಸುತ್ತಾನೆ. "ಇರಲಿ ಬಿಡಿ, ತಿರುಪು ಸಿಕ್ಕಿದ್ರೆ ಬೇಕಾಗುತ್ತೆ" ಎಂದು ಹೆಂಡತಿ ಅದನ್ನು ಅಟ್ಟಕ್ಕೆ ಕಳಿಸುತ್ತಾಳೆ. ಹೊಸದರ ತಿರುಪು ಕಳೆಯುವುದಕ್ಕೆ ಇನ್ನೂ ಸಮಯವಿದೆ.